ನಿಂತೇ ಉಣ್ಣುವ ಹರಕೆ

ಕುರಿಗೆ ಗರ್ಭ ಜಾರಿದರೆ ನಮ್ಮ ಕಡೆ ನನ್ನನ್ನು ಕರೆಯುತ್ತಾರೆ. ಬಡಾಯಿ ಕೊಚ್ಚುತ್ತಿಲ್ಲ, ಕೊಹೀರಿನ ಸುತ್ತಮುತ್ತ ಯಾವ ದೊಡ್ಡಿಯಲ್ಲಿ ಬೇಕಾದರೂ ಕೇಳಿ ನೋಡಿ. ಮರಿ ಹಾಕುವ ಕಾಲದಲ್ಲಿ ಒಂದೊಂದು ಕುರಿ ತಿಣುಕಿ ತಿಣುಕಿ ಮರಿಯ ಜೊತೆಗೆ ತನ್ನ ಗರ್ಭಚೀಲವನ್ನೂ ಹೊರಗೆ ಹಾಕಿಬಿಡುತ್ತದೆ. ಅದನ್ನು ತಣ್ಣೀರಿನಲ್ಲಿ ತೊಳೆದು, ಮೇಲೆ ಸಕ್ಕರೆ ಉದುರಿಸಿ, ಬಾವು ಇಳಿಯುವ ತನಕ ಕಾಯಬೇಕು. ಆಮೇಲೆ ಹಿಂಗಾಲು ಎತ್ತಿ ಹಿಡಿಸಿ ಅಂಗೈಯಿಂದ ಮೆಲ್ಲಗೆ ಒಳಗೆ ಸರಿಸಿ ಹಗ್ಗದ ಕಟ್ಟು ಹಾಕಬೇಕು. ಗಂಡಸರು ಅವಸರ ಮಾಡಿ ಕೆಡಿಸುತ್ತಾರೆ. ನಾನು ನನ್ನ ಅಪ್ಪನಿಂದ ಕಲಿತದ್ದು, ಅವಸರ ಮಾಡುವುದಿಲ್ಲ.

ಅದೇ ನನಗೆ ಆದಾಗ ನಾನು ಯಾರನ್ನೂ ಕರೆಯಲಿಲ್ಲ.

ಯಾಕೆ ಅಂತ ಕೇಳುವವರು ಕುರಿ ಸಾಕಿದವರಲ್ಲ. ಒಮ್ಮೆ ಜಾರಿದ ಕುರಿಗೆ ಮುಂದಿನ ಸಲವೂ ಜಾರುತ್ತದೆ. ಅದಕ್ಕೇ ಅದರ ಮರಿ ಹಾಲು ಬಿಟ್ಟ ಮೇಲೆ ಅದನ್ನು ಜಹೀರಾಬಾದಿನ ಸಂತೆಗೆ ಹೊಡೆಯುತ್ತೇವೆ. ಎಂಥ ಚಂದದ ಕುರಿ ಆಗಿದ್ದರೂ ಸರಿಯೇ. ನಾನೇ ಎಷ್ಟೋ ಸಲ ಕೊರಳಿಗೆ ಹಗ್ಗ ಹಾಕಿ ನಮ್ಮ ಯಜಮಾನರ ಕೈಗೆ ಕೊಟ್ಟು, "ಇದನ್ನ ಇಟ್ಕೋಬ್ಯಾಡ್ರಿ, ಇದು ಮುಗೀತು" ಅಂದಿದ್ದೇನೆ. ಹೀಗೆ ಹೇಳಿದ ಬಾಯಿಂದ ನನ್ನದೂ ಜಾರಿದೆ ಅಂತ ಹೇಗೆ ಹೇಳಲಿ?

ನನ್ನ ಹೆಸರು ಮಾಣಿಕಮ್ಮ. ತವರು ತಾಂಡೂರು, ಕೊಟ್ಟದ್ದು ಇಲ್ಲಿಗೆ. ಚಿಕ್ಕವಳಿದ್ದಾಗ ಬೀದರ ಕಡೆಯ ಅಜ್ಜಿಯ ಊರಲ್ಲಿ ಏಳನೇ ತರಗತಿ ತನಕ ಕನ್ನಡ ಸಾಲೆಗೆ ಹೋಗಿದ್ದೆ, ಅದರ ಪುಣ್ಯದಿಂದ ಇಷ್ಟು ಬರೆಯಲು ಬರುತ್ತದೆ. ಯಜಮಾನರು ಬಕ್ಕಪ್ಪ, ಕುರಿ ಕಾಯುತ್ತಾರೆ, ಒಂದಿಷ್ಟು ತೊಗರಿ ಹೊಲವೂ ಇದೆ. ಆ ತೊಗರಿ ರಾಶಿಯ ಕಾಲದಲ್ಲೇ ಇದು ಶುರುವಾದದ್ದು. ಚೀಲಕ್ಕೆ ಕೈಕೊಟ್ಟು ಎತ್ತಿದಾಗ ಒಳಗೆ ಏನೋ ಕಳಚಿ ಕೆಳಗೆ ಇಳಿದ ಹಾಗಾಯಿತು. ಬದುವಿನ ಮರೆಗೆ ಹೋಗಿ ಕೈಯಿಂದ ಮುಟ್ಟಿ ನೋಡಿಕೊಂಡೆ. ಮುಟ್ಟಿದ ಕೂಡಲೇ ಗೊತ್ತಾಯಿತು. ಕುರಿಯದು ಮುಟ್ಟಿ ಮುಟ್ಟಿ ರೂಢಿಯಾದ ಕೈ ಅಲ್ಲವೇ?

ಕುರಿಗೆ ಮಾಡುವುದನ್ನೇ ನನಗೂ ಮಾಡಿಕೊಂಡೆ. ತಣ್ಣೀರು, ಸಕ್ಕರೆ, ಅಂಗೈ. ಹಳೆಯ ಸೀರೆಯನ್ನು ಹರಿದು ಹುರಿ ಮಾಡಿ ಸೊಂಟದಿಂದ ಕೆಳಗೆ ಕಟ್ಟಿಕೊಂಡೆ. ಕಟ್ಟು ಬಿಗಿಯಾಗಿದ್ದರೆ ನಡೆಯಬಹುದಿತ್ತು, ನಿಲ್ಲಬಹುದಿತ್ತು, ಕೂಡಲು ಮಾತ್ರ ಆಗುತ್ತಿರಲಿಲ್ಲ. ಕೂತರೆ ಜೀವ ಹೋದಷ್ಟು ನೋವು, ಬಟ್ಟೆಯೂ ಒದ್ದೆ. ವಾಸನೆ ಬೇರೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಹಿಂದಿನ ಬಾಗಿಲ ಹತ್ತಿರ ನಿಂತೇ ಹೋಗುತ್ತಿದ್ದೆ.

ಮುಂದೆ ನಮ್ಮವರದೇ ಒಂದು ಮದುವೆ ಬಂತು. ಊಟದ ಪಂಕ್ತಿ ಹಾಕಿದ್ದರು. "ಕೂಡ್ರಿ ಅಕ್ಕಾ, ಯಾಕ ನಿಂತೀರಿ" ಅಂತ ಕೈ ಹಿಡಿದು ಎಳೆದರು. ಗಾಬರಿಯಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು.

"ನಂದು ಹರಕಿ ಅದ. ನಿಂತೇ ಉಣ್ತೀನಿ."

"ಹೌದಾ! ಯಾವ ದೇವ್ರದು?"

"ಬೀರಪ್ಪಂದು. ಕುರಿಗೋಳಿಗೆ ರೋಗ ಬರಬಾರ್ದಂತ."

ಅಷ್ಟೇ. ಯಾರೂ ಮತ್ತೆ ಎಳೆಯಲಿಲ್ಲ. ಎಲೆಯನ್ನು ಎತ್ತಿ ಭಕ್ತಿಯಿಂದ ನನ್ನ ಕೈಗೇ ಕೊಟ್ಟರು. ಆಹಾ, ಎಷ್ಟು ಸಲೀಸು ಅನ್ನಿಸಿತು ನನಗೆ. ಮನೆಗೆ ಬಂದು ಅದೇ ಹರಕೆಯನ್ನು ಇನ್ನಷ್ಟು ಉದ್ದ ಮಾಡಿದೆ. ಹರಕೆ ಮುಗಿಯುವ ತನಕ ಬೇರೆ ಚಾಪೆ, ಬೇರೆ ಕೋಣೆ ಅಂದೆ. ಯಜಮಾನರು ಹೂಂ ಅಂದರು. ಹೂಂ ಅಂದು ಸುಮ್ಮನಾಗಿದ್ದರೆ ಚೆನ್ನಾಗಿತ್ತು. "ನೀ ಅಷ್ಟು ಕಠಿಣ ಹರಕಿ ಹೊತ್ತಿ ಅಂದ್ರ ನಾ ಮಾಂಸ ಬಿಡ್ತೀನಿ" ಅಂತ ಬಿಟ್ಟೇಬಿಟ್ಟರು. ಕುರಿ ಕಾಯುವ ಮನುಷ್ಯ, ಎಲ್ಲರ ಮನೆಯಲ್ಲೂ ಮಸಾಲೆಯ ವಾಸನೆ ಬರುವ ಹಬ್ಬದ ದಿನ ಬೇಳೆ ಕಲಸಿಕೊಂಡು ಉಣ್ಣುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇನ್ನೊಂದು ವಿಚಿತ್ರ ಅಂದರೆ ಅದೇ ದಿನಗಳಲ್ಲಿ ಅವರು ಕೊಹೀರಿನಿಂದ ಘಮಘಮ ಸಾಬೂನು ತಂದು, ದೊಡ್ಡಿಯಿಂದ ಬಂದ ಕೂಡಲೇ ತಿಕ್ಕಿ ತಿಕ್ಕಿ ಸ್ನಾನ ಮಾಡತೊಡಗಿದರು. ಈ ವಯಸ್ಸಿನಲ್ಲಿ ಇದೇನು ಶೋಕಿ ಅಂತ ನಾನು ಒಳಗೊಳಗೇ ನಕ್ಕಿದ್ದೆ.

ಆ ವರ್ಷ ಅಕ್ಕಪಕ್ಕದ ಹಿಂಡುಗಳಿಗೆ ರೋಗ ಬಂತು, ನಮ್ಮವಕ್ಕೆ ಬರಲಿಲ್ಲ. ನಮ್ಮ ಕುರಿಗಳಿಗೆ ಸರ್ಕಾರಿ ಡಾಕ್ಟರು ಮೊದಲೇ ಸೂಜಿ ಹಾಕಿ ಹೋಗಿದ್ದರು. ಆದರೆ ಹೆಸರು ಬಂದದ್ದು ನನ್ನ ಹರಕೆಗೆ. "ಮಾಣಿಕಮ್ಮ ನಿಂತಾಳ, ಅದಕ್ಕ ಹಿಂಡೂ ನಿಂತದ" ಅಂತ ಊರೆಲ್ಲ ಮಾತು. ಮರಿಗಳನ್ನು ಎತ್ತಿಕೊಂಡು ಬಂದು ತಲೆ ಮುಟ್ಟು ಅನ್ನುವವರು ಕೆಲವರು, ನನ್ನ ಕಾಲಿಗೆ ಬೀಳುವ ಹೆಣ್ಣುಮಕ್ಕಳು ಕೆಲವರು. ಅವರು ಬಗ್ಗಿದಾಗ ವಾಸನೆ ಬಂದೀತು ಅಂತ ನಾನು ಹಿಂದೆ ಸರಿಯುತ್ತಿದ್ದೆ. ಅದನ್ನೂ ಅವರು ನನ್ನ ವಿನಯ ಅಂದುಕೊಂಡರು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು.

ಹೀಗಿರುವಾಗ ನನ್ನ ಸೊಸೆ ಸುನೀತಾ ಒಂದು ಸುದ್ದಿ ತಂದಳು. ಅವಳು ನಾರಾಯಣಖೇಡದ ಹುಡುಗಿ, ಇಂಟರ್ ಓದಿದವಳು. ಮಗ ದುಡಿಯಲು ಪಟ್ಟಣಕ್ಕೆ ಹೋಗಿದ್ದ, ಅವಳು ನಮ್ಮ ಜೊತೆಗಿದ್ದಳು. ಜಹೀರಾಬಾದಿನ ಸಿಸ್ಟರಮ್ಮನವರ ದವಾಖಾನೆಯಲ್ಲಿ ಹಳ್ಳಿಗೊಬ್ಬರಂತೆ ಹೆಣ್ಣುಮಕ್ಕಳನ್ನು ಆರಿಸಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಕಲಿಸುತ್ತಾರಂತೆ, ಅವಳೂ ಹೋಗುತ್ತಾಳಂತೆ. ನಾನು ಮನೆ ಮೇಲೆ ಕೆಳಗೆ ಮಾಡಿದೆ. "ಏಸುನ ಮಂದಿ ಅವ್ರು, ನಾಳಿ ನಿನ್ನ ಜಾತಿ ಕೆಡಸ್ತಾರ, ಹಣಿಮ್ಯಾಲಿನ ಕುಂಕುಮ ಅಳಸ್ತಾರ" ಅಂತ ಕೂಗಾಡಿದೆ. ನಿಜ ಹೇಳಬೇಕೆಂದರೆ ಏಸುವಿನ ಭಯ ನನಗೆ ಎಳ್ಳಷ್ಟೂ ಇರಲಿಲ್ಲ. ಮನೆಯಲ್ಲೇ ಒಂದು ದವಾಖಾನೆಯ ಕಣ್ಣು ಬಂದು ಕೂತರೆ ನನ್ನ ಗತಿ ಏನು ಅನ್ನುವ ಭಯ ಅದು. ಆದರೆ ಯಜಮಾನರು "ಹೋಗ್ಲಿ ಬಿಡು, ನಾಕ ಅಕ್ಷರ ಕಲೀತಾಳ" ಅಂದುಬಿಟ್ಟರು. ಸುನೀತಾ ಹೋದಳು. ಕುಂಕುಮ ಹಾಗೇ ಇತ್ತು, ಕಣ್ಣು ಮಾತ್ರ ನಾನು ಅಂಜಿದಂತೆಯೇ ಚುರುಕಾಯಿತು.

ಮರುವರ್ಷದ ಮರಿ ಕಾಲದಲ್ಲಿ ನಮ್ಮದೇ ಒಂದು ಕುರಿಗೆ ಜಾರಿತು. ಕೆಂಚಿ ಅಂತ ಅದರ ಹೆಸರು. ಯಜಮಾನರು ಹಿಂಡು ಹೊಡೆದುಕೊಂಡು ಹೋಗಿದ್ದರು, ಹಿಂಗಾಲು ಹಿಡಿಯಲು ಸುನೀತಾ ಬಂದಳು. ಈ ಕೆಲಸ ನಿಂತು ಮಾಡಲು ಬರುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತೆ. ಹಲ್ಲು ಕಚ್ಚಿಕೊಂಡು ಅಂಗೈ ಒತ್ತಿದೆ.

ಸುನೀತಾ ನೋಡುತ್ತಾ ಅಂದಳು, "ಅತ್ತಿ, ಇದು ಹೆಣ್ಮಕ್ಕಳಿಗೂ ಆಗ್ತದ ಅಂತ್ರಿ. ಸಿಸ್ಟರಮ್ಮ ಹೇಳ್ಯಾರ. ನಾಚಿಕೊಂಡು ಯಾರೂ ಬಾಯಿ ಬಿಡಂಗಿಲ್ಲ ಅಂತ."

"ಕಾಲು ಗಟ್ಟಿ ಹಿಡಿ. ಕುರಿ ಮುಂದ ದವಾಖಾನಿ ಪುರಾಣ ಹಚ್ಚಬ್ಯಾಡ" ಅಂತ ಗದರಿದೆ.

ಕೆಂಚಿಯದು ಒಳಗೆ ಹೋಯಿತು. ಅದೇ ಹೊತ್ತಿಗೆ ನನ್ನ ಕಟ್ಟು ಸರಿದು ನನ್ನದು ಹೊರಗೆ ಬಂತು. ಏಳಲು ಆಗಲಿಲ್ಲ. ಸೀರೆಯ ಹಿಂಭಾಗ ರಕ್ತ, ಮಣ್ಣಿನ ಮೇಲೂ ರಕ್ತ. "ಕುರೀದು ಅದು" ಅಂದೆ. ಕುರಿ ನನ್ನ ಮುಂದಿತ್ತು, ರಕ್ತ ನನ್ನ ಹಿಂದಿತ್ತು. ಸುನೀತಾ ಎರಡನ್ನೂ ನೋಡಿದಳು. ರಕ್ತದ ಮೇಲೆ ಮಣ್ಣು ಎಳೆದು, ತನ್ನ ಓಢಣಿಯನ್ನು ನನ್ನ ಸೊಂಟಕ್ಕೆ ಸುತ್ತಿ, ನನ್ನನ್ನು ಎತ್ತಿ ನಿಲ್ಲಿಸಿದಳು. ಅವಳು ಕೇಳಿದ್ದರೆ ಜಗಳವಾಡುತ್ತಿದ್ದೆ. ಕೇಳಲಿಲ್ಲವಲ್ಲ, ಅದಕ್ಕೇ ಅಳು ಬಂತು.

ಮರುದಿನ "ಅತ್ತಿ, ಜಹೀರಾಬಾದಿಗೆ ನಡೀರಿ" ಅಂದಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನನ್ನ ಜೊತೆ ತಾನೂ ನಿಂತೇ ಬಂದಳು.

ದವಾಖಾನೆಯ ವರಾಂಡದಲ್ಲಿ ಉದ್ದದ ಬೆಂಚುಗಳು. ಬುರ್ಖಾದವರು, ಲಂಬಾಣಿಯವರು, ನಮ್ಮಂಥವರು, ಎಲ್ಲರೂ ಕೂತಿದ್ದರು. ನಾನೊಬ್ಬಳು ಕಂಬಕ್ಕೆ ಒರಗಿ ನಿಂತಿದ್ದೆ. ಒಳಗೆಲ್ಲೋ ತೆಲುಗಿನಲ್ಲಿ ಪ್ರಾರ್ಥನೆ ಹಾಡುತ್ತಿದ್ದರು. ಪರಿಚಯದ ಮುಖ ಯಾವುದಾದರೂ ಬರುತ್ತದೋ ಅಂತ ಗೇಟಿನ ಕಡೆಯೇ ನನ್ನ ಕಣ್ಣು. ಸಂತೆಗೆ ಬರುವವರೆಲ್ಲ ನಮ್ಮವರೇ. ಹರಕೆಯ ಮಾಣಿಕಮ್ಮ ಏಸುವಿನ ದವಾಖಾನೆಯಲ್ಲಿ ಅಂತ ಒಬ್ಬ ನೋಡಿದರೆ ಸಾಕು, ಸಂಜೆಯೊಳಗೆ ಊರು ಮುಟ್ಟುತ್ತದೆ. ಒಬ್ಬ ವಯಸ್ಸಾದ ಸಿಸ್ಟರ್ ಆ ಕಡೆಯಿಂದ ಹೋಗುತ್ತಿದ್ದವರು ನನ್ನ ಕಾಲುಗಳನ್ನು ನೋಡಿದರು. ಮೂಲೆಯ ಬೆಂಚನ್ನು ಖಾಲಿ ಮಾಡಿಸಿ ದುಪ್ಪಟಿ ಹಾಸಿ, "ಕೂರುವುದು ಬೇಡ ಅಮ್ಮ, ಮಲಗಿ" ಅಂದರು. ಎರಡು ವರ್ಷದಲ್ಲಿ ನನಗೆ ಕೂಡ್ರಿ ಅನ್ನದ ಮೊದಲ ಮನುಷ್ಯರು ಅವರು.

ಅವರೇ ಡಾಕ್ಟರು ಅಂತ ಆಮೇಲೆ ತಿಳಿಯಿತು. ಮಂಗಳೂರು ಕಡೆಯವರು, ಪುಸ್ತಕದ ಕನ್ನಡ. ಒಳಗೆ ಕರೆದು, "ಮಲಗಿ, ನೋಡುತ್ತೇನೆ" ಅಂತ ಕೈಗವಸು ಹಾಕಿಕೊಂಡರು. ನನ್ನ ಬಾಯಿ ಮತ್ತೆ ಅದನ್ನೇ ಹೇಳಿತು.

"ಮುಟ್ಟಬ್ಯಾಡ್ರಿ. ಹರಕಿ ಅದ ನಂದು."

ಅವರು ಬೈಯುತ್ತಾರೆ, ಇಲ್ಲವೇ ನಿಮ್ಮ ದೇವರೆಲ್ಲ ಸುಳ್ಳು ಅನ್ನುತ್ತಾರೆ, ಅದೇ ನೆಪ ಮಾಡಿಕೊಂಡು ಎದ್ದು ಹೋಗಬಹುದು ಅಂತ ನನ್ನ ಲೆಕ್ಕ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಕೈಗವಸು ಬಿಚ್ಚಿದರು.

"ಯಾರ ಹರಕೆ ಅಮ್ಮ? ಎಂದು ಮುಗಿಯುತ್ತದೆ?"

"ಬೀರಪ್ಪಂದು. ಆತ ಅಂದಾಗ ಮುಗೀತದ."

ಸಿಸ್ಟರಮ್ಮ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ಹರಕೆ ಮುರಿಸಿದ ಪಾಪ ನನಗೆ ಬೇಡ. ನಾನೂ ಹರಕೆ ಹೊತ್ತವಳೇ. ಚಿಕ್ಕ ವಯಸ್ಸಿನಲ್ಲಿ ಹೊತ್ತದ್ದು, ಸಾಯುವ ತನಕ ಇದೆ. ಅದರ ಭಾರ ಏನು ಅಂತ ನನಗೆ ಗೊತ್ತು. ಒಂದು ಕೆಲಸ ಮಾಡೋಣ. ನಿಮ್ಮ ಪೂಜಾರಿಯವರ ಹತ್ತಿರ ನಾನೇ ಬಂದು ಕೇಳುತ್ತೇನೆ, ಪರೀಕ್ಷೆ ಮಾಡಲು ಅಪ್ಪಣೆ ಕೊಡಿ ಅಂತ. ಅಲ್ಲಿಯವರೆಗೆ ಮುಟ್ಟದೆ ಕೊಡಬಹುದಾದ ಔಷಧಿ ಕೊಡುತ್ತೇನೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಬಿಳಿ ಸೀರೆ, ಕೊರಳಲ್ಲಿ ಶಿಲುಬೆ. ಈ ಹೆಂಗಸು ನಮ್ಮ ಊರಿಗೆ ಬಂದು ನನ್ನ ಸುಳ್ಳಿನ ಸಲುವಾಗಿ ಬೀರಪ್ಪನ ಪೂಜಾರಿಯ ಮುಂದೆ ಕೈ ಮುಗಿದು ನಿಲ್ಲುತ್ತಾರೆ. ಸೀರೆ ಎತ್ತುವುದಕ್ಕಿಂತ ದೊಡ್ಡ ನಾಚಿಕೆ ಇದೆ ಅಂತ ಅವತ್ತು ಗೊತ್ತಾಯಿತು ನನಗೆ.

"ಹರಕಿ ಇಲ್ರಿ ಸಿಸ್ಟರಮ್ಮ" ಅಂದೆ. "ಸುಳ್ಳು ಹೇಳೀನಿ. ಕೂಡ್ಲಿಕ್ಕ ಬರ್ತಿದ್ದಿಲ್ಲ, ಅದಕ."

"ಅದನ್ನು ಬೀರಪ್ಪನ ಜೊತೆ ನೀವೇ ಬಗೆಹರಿಸಿಕೊಳ್ಳಿ. ನನ್ನ ಪಾಲಿನ ಕೆಲಸ ನಾನು ಮಾಡುತ್ತೇನೆ" ಅಂದು ಮತ್ತೆ ಕೈಗವಸು ಹಾಕಿಕೊಂಡರು. ಆಮೇಲೆ ಕೇಳಿದರು, "ಕಲಿಯುವ ಹುಡುಗಿಯರು ಇದ್ದಾರೆ. ನೀವು ಹೂಂ ಅಂದರೆ ಮಾತ್ರ ಒಳಗೆ ಬರುತ್ತಾರೆ."

"ಯಾರ್ ಬೇಕಾದ್ರೂ ಬರ್ಲಿ, ಆಕಿ ಬ್ಯಾಡ" ಅಂತ ಸುನೀತಾಳ ಕಡೆ ಕೈ ಮಾಡಿದೆ. ಅವಳು ತಲೆ ತಗ್ಗಿಸಿ ಹೊರಗೆ ಹೋದಳು. ಗುರುತಿಲ್ಲದ ಹುಡುಗಿಯರ ಮುಂದೆ ಕಾಲು ಅಗಲಿಸಿದೆ, ಸ್ವಂತ ಸೊಸೆಯನ್ನು ಬಾಗಿಲಾಚೆ ಕಳಿಸಿದೆ. ನಾಳೆ ಬೆಳಗಾದರೆ ಅವಳಿಗೆ ರೊಟ್ಟಿ ಬಡಿಯಲು ಹೇಳಬೇಕಾದವಳು ನಾನು, ಏನು ಮಾಡಲಿ? ಕಟ್ಟಿಕೊಂಡ ಹುರಿ ತಿಕ್ಕಿ ತಿಕ್ಕಿ ಗಾಯವಾಗಿ ಕೀವು ತುಂಬಿತ್ತು. ಸಕ್ಕರೆಯ ಮಾತು ಕೇಳಿ ಸಿಸ್ಟರಮ್ಮ ಕಣ್ಣು ಮುಚ್ಚಿಕೊಂಡರು, ಬೈಯಲಿಲ್ಲ. ಮೊದಲು ಗಾಯ ಮಾಯಬೇಕು, ಅಲ್ಲಿ ತನಕ ಜಾರದಂತೆ ತಡೆಯಲು ಒಳಗೆ ಒಂದು ರಬ್ಬರಿನ ಬಳೆಯಂಥದ್ದು ಇಡುತ್ತೇವೆ, ಆಮೇಲೆ ಆಪರೇಷನ್ ಅಂದರು. ಜಹೀರಾಬಾದಿನಲ್ಲಿ ಬೇಡವೇ ಬೇಡ ಅಂತ ಹಟ ಹಿಡಿದೆ. ತಾಂಡೂರಿನಲ್ಲೂ ಅವರದೊಂದು ದವಾಖಾನೆ ಇದೆಯಂತೆ, ಅಲ್ಲಿಗೆ ಬರೆದುಕೊಟ್ಟರು. ತವರಿಗೆ ಹೋಗುತ್ತೇನೆ ಅಂತ ಊರಿಗೆ ಹೇಳಬಹುದು.

ಊರಿಗೆ ಹೇಳಬಹುದು, ಯಜಮಾನರಿಗೆ? ಗಾಯ ಮಾಯ್ದ ಮೇಲೆ ಒಂದು ಸಂಜೆ ದೊಡ್ಡಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕೆಂಚಿಯ ಮರಿಗೆ ಮೊಲೆ ಹಿಡಿಸುತ್ತಿದ್ದರು. ಕೇಳುತ್ತಾ ಕೇಳುತ್ತಾ ಮುಖ ಕಪ್ಪಿಟ್ಟಿತು.

"ಹರಕಿ ಇದ್ದಿಲ್ಲಾ?"

"ಇದ್ದಿಲ್ರಿ."

"ನಿನ್ನ ಹರಕಿ ಸಲುವಾಗಿ ನಾ ಮಾಂಸ ಬಿಟ್ಟೆ. ದೇವ್ರ ಹೆಸರ ಮ್ಯಾಲ ಸುಳ್ಳು ಹೇಳ್ದಿ?"

ನನ್ನ ರೋಗದ ಬಗ್ಗೆ ಒಂದು ಮಾತಿಲ್ಲ. ಕೋಲು ತೆಗೆದುಕೊಂಡು ಹೊರಟೇಹೋದರು. ಕೆಂಚಿ ನನ್ನನ್ನು ನೋಡುತ್ತಾ ಮೆಲುಕು ಹಾಕುತ್ತಿತ್ತು. ಮರಿ ಹಾಲು ಬಿಡುವ ಕಾಲ ಹತ್ತಿರ ಬಂದಿತ್ತು. ನಮ್ಮಿಬ್ಬರ ಸಂತೆಯೂ ಒಂದೇ ಸಲ ಬಂತು ಅಂದುಕೊಂಡೆ.

ತಾಂಡೂರಿಗೆ ಸುನೀತಾಳ ಜೊತೆಗೇ ಹೋದೆ. ಬಂಡೆ ಕೊಯ್ಯುವ ಧೂಳಿನಿಂದ ಅಲ್ಲಿನ ಬೇವಿನ ಮರ ಕೂಡ ಬೆಳ್ಳಗೆ. ಆಪರೇಷನ್ ಆಯಿತು. ಎಚ್ಚರವಾದಾಗ ನೋವಿಗಿಂತ ಮೊದಲು ಕಂಡದ್ದು ಮಂಚದ ಕೆಳಗೆ ಉಚ್ಚೆಯ ಚೀಲ ಬಿಚ್ಚುತ್ತಿದ್ದ ಸುನೀತಾ. ಯಾರನ್ನು ಬಾಗಿಲಾಚೆ ಕಳಿಸಿದ್ದೆನೋ ಅವಳೇ.

"ಬಿಡ ಸುನೀತಾ, ಅದು ನಿನ್ನ ಕೆಲಸ ಅಲ್ಲ."

"ಇದೇ ಕೆಲಸ ಕಲೀಲಿಕ್ಕ ಹೋಗೀನಲ್ರಿ ಅತ್ತಿ" ಅಂದಳು. "ನಾಚಿಕಿ ಬಂದ್ರ ಕಣ್ಣು ನೀವು ಮುಚ್ಕೊಳ್ರಿ. ನಾ ಮುಚ್ಕೊಂಡ್ರ ಚೆಲ್ತದ."

ನಗು ಬಂತು, ನಕ್ಕರೆ ಹೊಲಿಗೆ ನೋಯಿತು. ಕಣ್ಣು ಮುಚ್ಚಿಕೊಂಡೆ.

ಯಜಮಾನರು ಬಂದದ್ದು ಅದರ ಮರುದಿನ. ಜೋಳದ ರೊಟ್ಟಿಯ ಗಂಟು ಕೈಯಲ್ಲಿ, ಮೈಯಿಂದ ಅದೇ ಸಾಬೂನಿನ ಘಮ. ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಹಣೆಗೆ ಭಂಡಾರದ ಅರಿಸಿನ ಹಚ್ಚಿದರು.

"ಬೀರಪ್ಪನ ಗುಡೀಗೆ ಹೋಗಿ ಬಂದೆ. ತಪ್ಪಾತು ಅಂತ ನಾನೇ ಹೇಳಿ ಬಂದೀನಿ. ನೀ ಬ್ಯಾರೆ ಹೇಳ್ಬ್ಯಾಡ."

ಒಬ್ಬ ಕಲಿಯುವ ಹುಡುಗಿ ಹಣೆ ಒರೆಸಲು ಬಂದಳು. ಅಲ್ಲಿನ ಸಿಸ್ಟರ್, "ಇರಲಿ ಬಿಡು, ಹೊಲಿಗೆ ಇರೋದು ಹಣೆಯಲ್ಲಲ್ಲ" ಅಂದರು.

ನಾವಿಬ್ಬರೇ ಆದಾಗ ಅವರು ಗೋಡೆ ನೋಡುತ್ತಾ ಅಂದರು, "ಬ್ಯಾರೆ ಚಾಪಿ ಹಾಕ್ಕೊಂಡ್ಯಲ್ಲ, ನನ್ನ ಮೈಗೆ ಕುರಿ ನಾತ ಬರ್ತದ, ಅದಕ್ಕ ಹೇಸಿ ಹರಕಿ ನೆವ ಮಾಡ್ಯಾಳ ಅಂತ ತಿಳ್ದಿದ್ದೆ."

ಅಯ್ಯೋ ನನ್ನ ದೇವರೇ! ಆ ಸಾಬೂನು ಅದಕ್ಕೆ. ನನ್ನ ಮೈಯ ವಾಸನೆಗೆ ನಾನು ನಾಚಿ ದೂರ ಸರಿದಿದ್ದೆ, ಈ ಮನುಷ್ಯ ತನ್ನ ಮೈಯ ವಾಸನೆಗೆ ನಾಚಿ ಚರ್ಮ ಕಿತ್ತು ಬರುವ ಹಾಗೆ ತಿಕ್ಕಿಕೊಳ್ಳುತ್ತಿದ್ದರು. ಒಂದೇ ಮನೆ, ನಡುವೆ ಒಂದೇ ಗೋಡೆ.

"ಕೆಂಚಿ?" ಅಂತ ಕೇಳಿದೆ.

"ಮಾರ್ದೆ. ಮರಿ ಹಾಲು ಬಿಟ್ಟದಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅವರು ಗಾಬರಿಯಾದರು. "ಏ, ಕುರಿ ಮಾರಿದ್ರ ಅಳ್ತಾರೇನು? ನೀನೇ ಹೇಳ್ತಿದ್ದಿ, ಜಾರಿದ್ದು ಇಟ್ಕೋಬಾರ್ದು ಅಂತ..." ಅಂದವರು ಅಲ್ಲಿಗೇ ನಿಂತರು. ನನ್ನ ಮುಖ ನೋಡಿದರು. ಆಮೇಲೆ ಬಹಳ ಸಿಟ್ಟಿನಿಂದ, "ಹುಚ್ಚಿ" ಅಂದು ರೊಟ್ಟಿ ಮುರಿದು ನನ್ನ ಬಾಯಿಗೆ ಇಟ್ಟರು.

ಇಲ್ಲಿಗೆ ಎಲ್ಲ ಸರಿಯಾಯಿತು ಅಂತ ಬರೆದು ಮುಗಿಸಬಹುದಿತ್ತು. ಮೈಯೇನೋ ಸರಿಯಾಯಿತು. ಭಾರ ಎತ್ತುವುದಿಲ್ಲ, ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ಹೋಗುತ್ತೇನೆ. ಊರಿಗೆ ಮಾತ್ರ ಹೊಟ್ಟೆಯಲ್ಲಿ ಗಂಟು ಇತ್ತು, ತೆಗೆಸಿದೆವು, ಹರಕೆಯೂ ಮುಗಿಯಿತು ಅಂತ ಹೇಳಿದ್ದೆವು. "ಬಾಯಿ ಬಿಟ್ಟು ಹೇಳ್ರಿ ಅತ್ತಿ, ನಾಕ ಮಂದಿಗೆ ಧೈರ್ಯ ಬರ್ತದ" ಅಂತ ಸುನೀತಾ ಹತ್ತು ಸಲ ಹೇಳಿದಳು. ಹತ್ತು ಸಲವೂ ಅವಳಿಗೆ ಬೈದೆ. ಕಾಲಿಗೆ ಬಿದ್ದವರ ಮುಂದೆ ಯಾವ ಮುಖ ಹೊತ್ತು ಹೇಳಲಿ?

ಹೋದ ತಿಂಗಳು ಸುನೀತಾ ನಾರಾಯಣಖೇಡಕ್ಕೆ ಹೋಗಿದ್ದಳು. ಮಧ್ಯಾಹ್ನ ನರಸಮ್ಮ ಬಂದಳು. ಹಿಂದಿನ ಓಣಿಯವಳು, ನನಗಿಂತ ಚಿಕ್ಕವಳು, ಒಕ್ಕಲುತನದ ಮನೆ.

"ಅಕ್ಕಾ, ಆ ಹರಕಿ ಹೆಂಗ ಹೊರೋದು? ನಂಗೂ ಹೇಳು."

"ಯಾವ ಹರಕಿ?"

"ಅದೇ, ನಿಂತು ಉಣ್ಣೋದು. ಬ್ಯಾರೆ ಮಲಗೋದು."

"ನಿಮ್ಮನ್ಯಾಗ ಒಂದು ಕುರೀನೂ ಇಲ್ಲಲ್ಲ ನರಸಮ್ಮ?"

ಅವಳು ಓಣಿಯ ಕಡೆ ತಿರುಗಿ ನೋಡಿದಳು. "ಕೂಡು" ಅಂದೆ. "ಬ್ಯಾಡಕ್ಕಾ, ನಿಂತೀನಿ" ಅಂದಳು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು. ಕಾಲು ಅಗಲ ಮಾಡಿ ನಿಂತಿದ್ದಳು. ಬೇರೆ ಯಾರೂ ಗುರುತಿಸಲಾರರು ಆ ನಿಲುವನ್ನು.

ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಆಗಲೂ ನನ್ನ ನಾಲಗೆಯ ತುದಿಗೆ ಮೊದಲು ಬಂದದ್ದು ಸುಳ್ಳೇ. ಸೋಮವಾರ ಸ್ನಾನ ಮಾಡಿ ಗುಡಿಗೆ ಹೋಗು ಅಂದರೆ ಸಾಕಿತ್ತು, ಹೋಗಿಬಿಡುತ್ತಿದ್ದಳು. ಹೋಗಿ ನನ್ನ ಹಾಗೆಯೇ ವರ್ಷಗಟ್ಟಲೆ ನಿಲ್ಲುತ್ತಿದ್ದಳು. ನಾನು ಎದ್ದು ಬಾಗಿಲು ಮುಂದೆ ಮಾಡಿ ಚಾಪೆ ಹಾಸಿದೆ.

"ಕೂಡಬ್ಯಾಡ. ಮಲಕೋ" ಅಂದೆ. "ಹರಕಿ ಇದ್ದಿಲ್ಲ ನರಸಮ್ಮ. ನಂಗೂ ಜಾರಿತ್ತು."

ಮೊದಲು ನಾನು ಬೈದೆನೇನೋ ಅನ್ನುವ ಹಾಗೆ ನೋಡಿದಳು. ಆಮೇಲೆ ಗೋಡೆ ಹಿಡಿದು ಹಿಡಿದು ಇಳಿದು ಚಾಪೆಯ ಮೇಲೆ ಒರಗಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಸೆರಗಿನ ಒಳಗಿನಿಂದಲೇ ಕೇಳಿದಳು.

"ನಾ ನಿನ್ನ ಕಾಲಿಗೆ ಬಿದ್ದಿದ್ದೆ ಅಕ್ಕಾ. ಆವಾಗೂ ಇತ್ತೇನು?"

"ಇತ್ತು" ಅಂದೆ, ಅಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ.